ಸಂತೇಲಿ ಸಿಗೋ ಪಾತ್ರೆ ಮೇಲೆ ಯಾರ ಹೆಸರಿದ್ದು?

ತೀರ್ಥಹಳ್ಳಿ ಎಳ್ಳಮಾಸೆ ಜಾತ್ರೆಗೋ, ಸಾಗರದ ಮಾರಿಕಾಂಬಾ ಜಾತ್ರೆಗೋ ಹೋದವ್ಕೆಲ್ಲ ಗೊತ್ತಿಪ್ಪ ವಿಷ್ಯ ಇದು. ಬಳೆ ಅಂಗಡಿ, ಮಿಠಾಯಿ ಅಂಗಡಿ, ತಿರುಗೋ ತೊಟ್ಲು ಎಲ್ಲಾ ದಾಟಿ ಹೋದ್ರೆ ಒಂದು ಮೂಲೇಲಿ ಗೋಣಿ ಹಾಸ್ಕಂಡು, ಹಳೇ ಸಾಮಾನು ಗುಡ್ಡೆ ಹಾಕ್ಕಂಡು ಒಬ್ಬವ ಕೂತಿರ್ತ. ಹೊಸನಗರದ ಸಂತೇಲೂ ಒಂದೊಂದ್ಸಲ ಕಾಣ್ತು. ಹಿತ್ತಾಳೆ ಚೊಂಬು, ತಾಮ್ರದ ಹಂಡೆ, ಕಂಚಿನ ತಟ್ಟೆ, ಅಡಕತ್ತರಿ, ಕಾಲುದೀಪ, ಹಿಡಿ ಹೋದ ಸೌಟು, ಪಾವು, ಸೇರು, ಕೊಳಗ. ಮೊದ್ಲೆಲ್ಲ ಅದು ಗುಜರಿ. ಈಗ ಅಲ್ಲೇ ರಶ್ಶು. ಬೆಂಗ್ಳೂರಿಂದ ರಜೆಗೆ ಬಂದ ಕೂಸುಗ "ಆಂಟಿಕ್ ಪೀಸು" ಹೇಳಿ ಎತ್ತೆತ್ತಿ ನೋಡ್ತ, ಫೋಟೋ ತೆಗೀತ. ಜತೆಗೆ ಬಂದ ಅತ್ತೆ, ಚಿಕ್ಕಮ್ಮದಿಕ್ಕ "ಅಯ್ಯೋ, ಇಂಥದ್ದು ನಂಗಳ ಮನೇಲೂ ಇತ್ತಲೆ" ಹೇಳಿ ಉಸಿರು ಬಿಡ್ತ.

ಈ ಹುಡುಕಾಟದ ಗೀಳು ಯಂಗೂ ಇದ್ದು. ಅದ್ರಲ್ಲಿ ತಪ್ಪೆಂತೂ ಇಲ್ಲೆ. ಆದ್ರೆ ಒಂದು ಮಾತು. ಆ ಗೋಣಿ ಮೇಲೆ ಇಪ್ಪದು ಆಕಾಶದಿಂದ ಉದುರಿದ್ದಲ್ಲ, ನಂಗಳ ನಿಂಗಳ ಮನೆ ಅಟ್ಟದಿಂದ ಇಳ್ದಿದ್ದು. ಯಾವ ಕಾಲದಲ್ಲಿ, ಯಾವ ಕಾರಣಕ್ಕೆ ಇಳತ್ತು ಹೇಳದು ಸುಮಾರು ಮಟ್ಟಿಗೆ ಆ ಸಾಮಾನಿನ ಮೈಮೇಲೇ ಇರ್ತು. ಓದಲೆ ಎರಡು ಜಾಗ ಸಾಕು. ಅಳತೆ ಸಾಮಾನಾದ್ರೆ ಅದ್ರ ಹೊಟ್ಟೆ, ಪಾತ್ರೆ ಆದ್ರೆ ಅದ್ರ ಕುತ್ತಿಗೆ ಮೇಲಿನ ಹೆಸರು.

ಕೊಳಗದ ಜಗಳ

ಈಗ ಕೊಳಗ ಹೋಮ್‌ಸ್ಟೇ ಜಗಲಿಲಿ ಹೂವಿನ ಕುಂಡ ಆಯ್ದು. ಒಂದು ಕಾಲದಲ್ಲಿ ಅದು ಮನೆಯ ಯಜಮಾನಿಕೆ. ನಾಲ್ಕು ಪಾವಿಗೆ ಒಂದು ಸೇರು, ಇಷ್ಟು ಸೇರಿಗೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯನ್ನೂ ಎಕರೆ ಲೆಕ್ಕದಲ್ಲಿ ಹೇಳ್ತಿರ್ಲಿಲ್ಲೆ. ಇಷ್ಟು ಖಂಡುಗ ಬೀಜ ಹಿಡಿಯೋ ಗದ್ದೆ ಹೇಳಿ ಹೇಳ್ತಿದ್ದ. ಆನು "ಇಷ್ಟು ಸೇರಿಗೆ ಒಂದು ಕೊಳಗ" ಹೇಳಿದಿ ಅಲ್ದಾ, ತೊಂದ್ರೆ ಇದ್ದಿದ್ದೇ ಅಲ್ಲಿ. ಆ "ಇಷ್ಟು" ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ ಆಗ್ತಿತ್ತು.

ಅಳತೆಗೆ ಒಂದು ಶಿಸ್ತು ತರವು ಹೇಳ ಪ್ರಯತ್ನ ನಂಗಳ ಸೀಮೆಗೆ ಹೊಸದಲ್ಲ. 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದ ಶಿವಪ್ಪ ನಾಯಕನ ರಾಜಧಾನಿ ಬಿದನೂರು, ಅಂದ್ರೆ ಈಗಿನ ಹೊಸನಗರ ತಾಲೂಕಿನ ನಗರ. ಊರೂರಿನಲ್ಲಿ ಒಂದೊಂದು ತರದ ಜಮೀನಿನಲ್ಲಿ ಒಂದೊಂದು ಗದ್ದೆಯನ್ನು ಸರ್ಕಾರದಿಂದಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ ಎಷ್ಟು, ಖರ್ಚು ಎಷ್ಟು, ಬಂದ ಬೆಳೆ ಎಷ್ಟು ಹೇಳಿ ಲೆಕ್ಕ ಬರೆಸಿ, ಅದ್ರ ಮೇಲೆ ಕಂದಾಯ ನಿಗದಿ ಮಾಡಿದ ಹೇಳಿ ಪ್ರಸಿದ್ಧಿ. ಅದೇ "ಶಿವಪ್ಪ ನಾಯಕನ ಶಿಸ್ತು". ಯೋಚ್ನೆ ಮಾಡಿ, ಅಳತೆ ಸರಿ ಇಲ್ಲದ್ರೆ ಆ ಲೆಕ್ಕಕ್ಕೆಲ್ಲ ಎಂತ ಅರ್ಥ?

ಆದ್ರೆ ರಾಜನ ಕಡತಕ್ಕೂ ಅಂಗಳದ ಕೊಳಗಕ್ಕೂ ದೂರ ಬಹಳ. ಸುಮಾರು ಮುನ್ನೂರು ವರ್ಷ ಆದಮೇಲೆ, ಸ್ವಾತಂತ್ರ್ಯ ಬಂದಮೇಲೂ, ಗೇಣಿ ಭತ್ತ ಅಳೆಯುವಾಗ ಅದೇ ಜಗಳ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಶುರುವಾದ ರೈತ ಸತ್ಯಾಗ್ರಹದ ಮೂಲದಲ್ಲಿ ಇದ್ದಿದ್ದು ಕೊಳಗ. ಗೇಣಿ ಅಳೆಯಲೆ ದೊಡ್ಡ ಕೊಳಗ ಬಳಸ್ತ, ಅದನ್ನ ನಿಲ್ಲಿಸವು ಹೇಳಿ ದೀವರ ಜನ ಕೇಳಿದ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಬೆನ್ನಿಗೆ ನಿಂತಿತು. ಸಮಾಜವಾದಿ ಪಕ್ಷ ಸೇರಿಕೊಂಡಿತು. ಆ ವರ್ಷದ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ತೀರ್ಥಹಳ್ಳಿ ತಾಲೂಕಿನ ಆರಗದ ಹತ್ರದ ಶಾಂತವೇರಿ ಗೋಪಾಲಗೌಡರು ಈ ಹೋರಾಟದಲ್ಲಿ ನಿಂತು, 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಒಂದು ಮರದ ಅಳತೆ ಪಾತ್ರೆ ಮೂರೂ ತಾಲೂಕನ್ನ ಅಲ್ಲಾಡಿಸಿ ಹಾಕಿತ್ತು.

ಇದನ್ನ ಬರೆಯುವಾಗ ನಂಗ ಯಾವ ಬದಿಲಿ ಇದ್ದಿದ್ಯ ಹೇಳದನ್ನ ಮುಚ್ಚಿಡಲಾಗ. ನಂಗಳ ಪೈಕಿಲಿ ಗೇಣಿ ತಗಂಡವೂ ಇದ್ದ, ಗೇಣಿ ಕೊಟ್ಟವೂ ಇದ್ದ. "ಕೊಡೋ ಕೊಳಗ ಬೇರೆ, ತಗಳೋ ಕೊಳಗ ಬೇರೆ" ಹೇಳ ಮಾತನ್ನ ಹಿರೇರ ಬಾಯಲ್ಲಿ ಕೇಳದವ್ವು ನಂಗಳಲ್ಲಿ ಕಡಿಮೆ. ಅಳೆಯೋ ರೀತಿಲೂ ವ್ಯತ್ಯಾಸ ಇತ್ತು. ಬಾಯಿ ಸಮ ಕೈ ಎಳೆದು ಅಳೆಯದು ಒಂದು, ಮೇಲೆ ಗೋಪುರ ಬಪ್ಪ ಹಂಗೆ ರಾಶಿ ಹಾಕಿ ಅಳೆಯದು ಇನ್ನೊಂದು. ಬಾಯಿ ಅಗಲ ಇದ್ದಷ್ಟೂ ಗೋಪುರ ದೊಡ್ಡದಾಗ್ತು, ಅಡಿಗೆ ಮಾಡೋ ನಂಗಕ್ಕೆ ಇದನ್ನ ಯಾರೂ ಹೇಳ್ಕೊಡದು ಬ್ಯಾಡ.

ಹಂಗಾರೆ ಈ ಕೊಳಗ ಸಂತೆಗೆ ಯಾವಾಗ ಬಂತು? ಎರಡು ಏಟು ಬಿತ್ತು ಅದಕ್ಕೆ. ಮೊದಲ್ನೇದು ಮೆಟ್ರಿಕ್. ತೂಕ ಮತ್ತು ಅಳತೆ ಕಾಯ್ದೆ 1956ರಲ್ಲಿ ಬಂತು, 1958ರ ಅಕ್ಟೋಬರಿಂದ ಹಂತ ಹಂತವಾಗಿ ಕಿಲೋ, ಲೀಟರ್ ಜಾರಿಗೆ ಬಂತು. ಕೆಲವೇ ವರ್ಷದಲ್ಲಿ ಅಂಗಡೀಲಿ ಪಾವು, ಸೇರು ಇಟ್ಕಂಬಲೆ ಆಗದ ಹಂಗಾತು. ಎರಡ್ನೇದು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಗೇಣಿದಾರರಿಗೆ ಒಡೆತನ ಬಂತು. ಗೇಣಿಯೇ ಇಲ್ಲೆ ಅಂದಮೇಲೆ ಗೇಣಿ ಅಳೆಯೋ ಕೊಳಗಕ್ಕೆ ಎಂತ ಕೆಲಸ? ಮೊದ್ಲು ಅಟ್ಟಕ್ಕೆ ಹತ್ತಿತು, ಆಮೇಲೆ ಗುಜರಿಯವನ ಗೋಣಿಗೆ ಇಳತ್ತು.

ನೀರು ಬಂದಾಗ

ಇನ್ನೊಂದು ರಾಶಿ ಸಾಮಾನು ಮನೆ ಬಿಟ್ಟಿದ್ದು ನೀರಿನ ದೆಸೆಯಿಂದ. ಜೋಗದ ವಿದ್ಯುತ್ತಿಗೆ ಹೇಳಿ ಶರಾವತಿಗೆ ಮಡೆನೂರಿನ ಹತ್ರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದು 1948ರ ಹೊತ್ತಿಗೆ. ಅದು ಸಾಲದು ಹೇಳಿ ಲಿಂಗನಮಕ್ಕಿ ಬಂತು, 1964ರಲ್ಲಿ. ಲಿಂಗನಮಕ್ಕಿ ನೀರು ನಿಂತಾಗ ಆ ಹಳೇ ಅಣೆಕಟ್ಟೇ ಮುಳುಗಿ ಹೋತು. ಬ್ಯಾಸಗೇಲಿ ನೀರು ಬಹಳ ಇಳಿದ ವರ್ಷ ಈಗ್ಲೂ ಅದ್ರ ಮೈ ಕಾಣ್ತು. ಸಾಗರ, ಹೊಸನಗರ ಎರಡೂ ತಾಲೂಕಿನ ಊರು, ತೋಟ, ಗದ್ದೆ ಒಳಗೆ ಹೋತು. ಆಮೇಲೆ ವಾರಾಹಿ ಯೋಜನೆ ಬಂದು ಹೊಸನಗರ ತಾಲೂಕಿನ ಮಾಣಿಲೂ ನೀರು ನಿಂತತ್ತು.

ಮನೆ ಬಿಟ್ಟು ಹೋಪವು ಎಂತೆಂತ ಹೊತ್ಕಂಡು ಹೋಗ್ಲಕ್ಕು ಹೇಳಿ ಒಂದ್ಸಲ ಯೋಚ್ನೆ ಮಾಡಿ. ಹೊಸ ಜಾಗದಲ್ಲಿ ಮೊದ್ಲು ಹಾಕದು ಗುಡಿಸಲು. ಅಲ್ಲಿ ಆಳೆತ್ತರದ ಪಣತಕ್ಕೆ ಜಾಗ ಇಲ್ಲೆ, ಮರದ ಮರಿಗೆ ಇಡಲೆ ಜಾಗ ಇಲ್ಲೆ, ನೂರು ಜನಕ್ಕೆ ಅನ್ನ ಮಾಡೋ ಚರಿಗೆಗೆ ನೂರು ಜನವೇ ಇಲ್ಲೆ. ಊರು ಒಟ್ಟಿಗೆ ಇದ್ದಾಗ ಮಾತ್ರ ದೊಡ್ಡ ಪಾತ್ರೆಗೆ ಅರ್ಥ. ಒಂದೊಂದು ಮನೆ ಒಂದೊಂದು ದಿಕ್ಕಿಗೆ ಹೋದಮೇಲೆ ಅದು ಬರೀ ಲೋಹದ ತೂಕ. ಹಂಗಾಗಿ ಸಂತೇಲಿ ಒಂದು ಭಾರೀ ಹಂಡೆ ಕಂಡ್ರೆ, ಇದು ಯಾವ ಮನೇದು ಹೇಳದ್ರ ಜತೆಗೆ ಇದು ಯಾವ ಊರಿನ ಊಟದ್ದು ಹೇಳಿ ಕೇಳ್ಲಕ್ಕು.

ಕುತ್ತಿಗೆ ಮೇಲಿನ ಹೆಸರು

ಈಗ ಹೆಂಗಸರ ವಿಷ್ಯಕ್ಕೆ ಬಪ್ಪನ. ಹಳೇ ಚೊಂಬು, ಕೊಡಪಾನ, ತಪಲೆ ಎತ್ತಿ ಅದ್ರ ಕುತ್ತಿಗೆ ಸುತ್ತ ಬೆರಳಾಡಿಸಿ ನೋಡಿ. ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ ಕೈಗೆ ಸಿಕ್ತು. ಗಂಡಸರ ಹೆಸರಿದ್ದ ಪಾತ್ರೆ ಇದ್ದು, ದೇವಸ್ಥಾನಕ್ಕೆ ಕೊಟ್ಟಿದ್ದು ಹೇಳಿ ಬರೆದ ಪಾತ್ರೆ ಇದ್ದು. ಆದ್ರೆ "ಸೌ." ಹೇಳಿ ಶುರುವಾಗಿ ಒಂದು ಹೆಂಗಸಿನ ಹೆಸರು, ಹಿಂದೆ ಒಂದು ಊರಿನ ಹೆಸರು ಇಪ್ಪ ಪಾತ್ರೆ ಎಷ್ಟು ಇದ್ದು ಹೇಳಿ ಲೆಕ್ಕ ಮಾಡಿದ್ರೆ ಆಶ್ಚರ್ಯ ಆಗ್ತು. ಮದ್ವೇಲಿ ತವರಿಂದ ಕೊಟ್ಟಿದ್ದು, ಬಾಣಂತನಕ್ಕೆ ಕೊಟ್ಟಿದ್ದು, ಉಪನಯನದಲ್ಲಿ ಉಡುಗೊರೆ ಬಂದಿದ್ದು.

ಆ ಹೆಸರು ಎಂತಕ್ಕೆ ಅಷ್ಟು ಮುಖ್ಯ ಹೇಳಿ ಕೇಳಿದ್ರೆ, ಬೇರೆ ಎಲ್ಲೂ ಅದು ಇತ್ತಿಲ್ಲೆ. ಪಹಣಿಲಿ ಮಾವನ ಹೆಸರು, ಆಮೇಲೆ ಗಂಡನ ಹೆಸರು, ಆಮೇಲೆ ಮಗನ ಹೆಸರು. ಅಡಿಕೆ ಮಂಡಿ ಚೀಟಿಲಿ ಯಜಮಾನನ ಹೆಸರು. ಕೆಲವು ಮನೇಲಿ ಮದ್ವೆ ದಿನವೇ ಅಕ್ಕಿ ಮೇಲೆ ಹೊಸ ಹೆಸರು ಬರೆಸಿ, ಹುಟ್ಟಿದ ಹೆಸರನ್ನೂ ಬಿಡಿಸ್ತಿದ್ದ. ತವರಿನ ಪಾತ್ರೆ ಮೇಲೆ ಮಾತ್ರ ಅದು ಹಂಗೇ ಉಳ್ಕಂತಿತ್ತು. ಹತ್ತು ಸೊಸೆಯಂದಿರು ಇಪ್ಪ ಕೂಡು ಕುಟುಂಬದಲ್ಲಿ "ಇದು ಯನ್ನ ಚೊಂಬು" ಹೇಳಿ ತೋರ್ಸಲೆ ಇದ್ದಿದ್ದ ಕಾಗದ ಪತ್ರ ಅದೊಂದೇ.

ಕಾನೂನು ಹೆಂಗಸರ ಹೆಸರನ್ನ ನಿಧಾನಕ್ಕೆ ಹಿಡಕಂಡು ಬಂತು. ಈ ಮೂರೂ ತಾಲೂಕು ಇದ್ದಿದ್ದು ಮೈಸೂರು ಸಂಸ್ಥಾನದಲ್ಲಿ. ಅಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ಬಂತು. ಪಾಲಾಗುವಾಗ ತಾಯಿ, ವಿಧವೆಯರು, ಮದ್ವೆ ಆಗದ ಹೆಣ್ಣುಮಕ್ಕಳಿಗೂ ಒಂದು ಭಾಗ ಕೊಡವು ಹೇಳಿ ಅದು ಹೇಳಿತು. ಗಂಡುಮಕ್ಕಳ ಸಮ ಅಲ್ಲ, ಆದ್ರೂ ದೇಶದಲ್ಲಿ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಸ್ತ್ರೀಧನ ಅಂದ್ರೆ ಎಂತೆಂತ ಹೇಳದನ್ನೂ ಅದು ಬಿಡಿಸಿ ಹೇಳಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಂಗಸಿನ ಸ್ವತ್ತಿಗೆ ಅವಳೇ ಪೂರ್ಣ ಒಡತಿ ಹೇಳಿತು. ಪಿತ್ರಾರ್ಜಿತದಲ್ಲಿ ಮಗಳೂ ಮಗನ ಹಂಗೇ ಪಾಲುದಾರಳು ಹೇಳಿ ಕರ್ನಾಟಕ ತಿದ್ದುಪಡಿ ಮಾಡಿದ್ದು 1994ರಲ್ಲಿ, ಅದೂ ಅಷ್ಟರೊಳಗೆ ಮದ್ವೆ ಆದವ್ಕೆ ಇಲ್ಲೆ ಹೇಳಿ. ಆ ತಡೆ ಹೋಗಿದ್ದು 2005ರ ಕೇಂದ್ರದ ತಿದ್ದುಪಡಿಲಿ. ಅಪ್ಪ 2005ಕ್ಕಿಂತ ಮೊದ್ಲೇ ತೀರಿಕೊಂಡಿದ್ರೂ ಮಗಳಿಗೆ ಹಕ್ಕಿದ್ದು ಹೇಳಿ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಆಗಸ್ಟ್‌ನಲ್ಲಿ. ಇಷ್ಟು ದೂರದ ದಾರಿಲಿ, ಕಾಗದದ ಮೇಲೆ ಹೆಸರು ಬಪ್ಪವರೆಗೆ, ಹೆಸರು ಹಿಡ್ಕಂಡು ನಿಂತಿದ್ದು ತಾಮ್ರ, ಹಿತ್ತಾಳೆ.

ಆ ಪಾತ್ರೆ ಹೋಗಿದ್ದು ಯಾವಾಗ ಹೇಳದು ನಿಂಗೊಕ್ಕೂ ಗೊತ್ತಿದ್ದು. ಸ್ಟೀಲು ಬಂದಾಗ. ಹುಳಿ, ಮಜ್ಜಿಗೆ ಇಟ್ರೆ ಕಿಲುಬು ಬತ್ತಿಲ್ಲೆ, ಕಲಾಯಿ ಬ್ಯಾಡ, ಹುಣಸೆ ಹಣ್ಣು ಬೂದಿ ಹಾಕಿ ತಿಕ್ಕದು ಬ್ಯಾಡ. ತಿಕ್ಕಿ ತಿಕ್ಕಿ ಕೈ ಸವೆಸಿಕೊಂಡವ್ಕೆ ಸ್ಟೀಲು ಬಿಡುಗಡೆ ತರನೇ ಕಂಡಿದ್ದು, ಅದ್ರಲ್ಲಿ ಅವರ ತಪ್ಪು ಹುಡುಕಲಾಗ. ಕಲಾಯಿಯವ ಊರಿಗೆ ಬಪ್ಪದು ಕಡಿಮೆ ಆತು, ತವರ ತುಟ್ಟಿ ಆತು. ಮನೆ ಬಾಗಿಲಿಗೆ ಬಂದ ಪಾತ್ರೆ ವ್ಯಾಪಾರಿ ಹಳೇ ಹಿತ್ತಾಳೆ ತೂಕಕ್ಕೆ ಹಾಕಿ ಹೊಸ ಸ್ಟೀಲು ಕೊಟ್ಟ. ತಕ್ಕಡಿಲಿ ಹೆಸರಿಗೆ ತೂಕ ಇಲ್ಲೆ. ಇನ್ನು ಕೆಲವು ಮನೇಲಿ ಪಾಲಾಗುವಾಗ ಗಂಡಸ್ರು ಒಟ್ಟಿಗೆ ತೂಗಿ ಭಾಗ ಮಾಡಿದ, ಹೆಸರು ಯಾರದ್ದು ಹೇಳಿ ಓದಿದವೇ ಇಲ್ಲೆ.

ಹೆಸರಿಲ್ಲದ ಕೈ

ಪಾತ್ರೆ ಮೇಲೆ ಕೊಟ್ಟವರದ್ದೋ ತಗಂಡವರದ್ದೋ ಹೆಸರು ಇರ್ತು. ಮಾಡಿದವರದ್ದು ಇರ್ತಿಲ್ಲೆ. ನಂಗಳ ಸೀಮೆಯ ಕೈಕೆಲಸದ ಕಥೆನೂ ಹಂಗೇ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಬಗ್ಗೆ ಬಿ. ಎಲ್. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲೇ ಹೊಗಳಿ ಬರೆದಿದ್ದ. ಅದೇ ಕುಟುಂಬದವು ನಂಗಳ ಮದ್ವೆಗೆ ಬೆಂಡಿನ ಬಾಸಿಂಗನೂ ಮಾಡಿಕೊಡ್ತ. ಮದ್ವೆ ಫೋಟೋಲಿ ಬಾಸಿಂಗ ಎದ್ದು ಕಾಣ್ತು, ಮಾಡಿದವರ ಹೆಸರು ಯಾರಿಗೆ ನೆನಪಿದ್ದು?

ದೀವರ ಹೆಂಗಸರ ಹಸೆ ಚಿತ್ತಾರ ಈಗ ಚೌಕಟ್ಟು ಹಾಕಿ ಮಾರಾಟಕ್ಕೆ ಬಪ್ಪ ವಸ್ತು ಆಯ್ದು. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಗದ್ದೆಗೆ ಬುತ್ತಿ ಒಯ್ಯೋ ಭೂಮಣ್ಣಿ ಬುಟ್ಟಿಗೂ ಇದೇ ಚಿತ್ತಾರ. ಅಂಥ ಬುಟ್ಟಿ ಒಂದು ತಗಂಬಲೆ ನಿಂತಾಗ ನೆನಪಿರವು: 1951ರಲ್ಲಿ ಕೊಳಗದ ಎದುರು ನಿಂತಿದ್ದು ಇದೇ ಜನ. ವಾರಗಟ್ಲೆ ಕೂತು ಗೀಟು ಎಳೆದ ಕೆಲಸಕ್ಕೆ "ಅರ್ಧಕ್ಕೆ ಕೊಡ್ತೀರಾ?" ಹೇಳಿ ಚೌಕಾಶಿ ಮಾಡದು ದೊಡ್ಡ ಕೊಳಗ ಹಿಡ್ಕಂಡು ನಿಂತ ಹಂಗೇ. ಮಾಡಿದವರ ಹೆಸರು ಕೇಳಿ, ಹಿಂದೆ ಬರೆಸಿಕೊಂಡು ಬನ್ನಿ. ಹೆಗ್ಗೋಡಿನ ಹತ್ರ ಭೀಮನಕೋಣೆಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1996ರಲ್ಲಿ ಶುರುವಾದ ಚರಕ ಮಹಿಳಾ ಸಹಕಾರ ಸಂಘ ಇದ್ದಲೆ, ಅಲ್ಲಿ ಕೈಮಗ್ಗದ ಬಟ್ಟೆಗೆ ನಂಗಳ ಅಡಿಕೆ ಚೊಗರಿನ ಬಣ್ಣನೂ ಹಾಕ್ತ. ಅಡಿಕೆ ಬೇಯಿಸಿ ಉಳಿದ ಚೊಗರು ಸೀರೆ ಮೇಲೆ ಬಂದಿದ್ದು ನೋಡಿದ್ರೆ, ಹಳೇದನ್ನ ಮಾತ್ರ ನಿಧಿ ಹೇಳಲೆ ಮನಸ್ಸು ಬತ್ತಿಲ್ಲೆ.

ತಗಂಬ ಮೊದ್ಲು

ಹುಡುಕಲೆ ಹೋಪವ್ಕೆ ನಾಲ್ಕು ಮಾತು.

ಈಗ ಹೊಸ ಪಾತ್ರೆಗೆ ರಾಸಾಯನಿಕ ಬಳಿದು ಕಪ್ಪು ಮಾಡಿ ಹಳೇದು ಹೇಳಿ ಮಾರದು ಇದ್ದು. ಕೈಯಲ್ಲಿ ಬಡಿದ ಪಾತ್ರೆ ಒಳಗೆ ಸುತ್ತಿಗೆ ಗುರುತು ತಗ್ಗು ತಗ್ಗಾಗಿ ಇರ್ತು. ಹಳೇ ತಾಮ್ರದ ಹಂಡೆಲಿ ಬೆಸುಗೆ ಹಾಕಿದ ಜಾಗ ಹಲ್ಲು ಹಲ್ಲಾಗಿ ಒಂದಕ್ಕೊಂದು ಕಚ್ಚಿಕೊಂಡಿರ್ತು. ಯಂತ್ರದ್ದಾದ್ರೆ ಒಳಗೆಲ್ಲ ನುಣ್ಣಗಿನ ಗೆರೆ ವೃತ್ತ ವೃತ್ತವಾಗಿ ಕಾಣ್ತು. ಪರ್ಸಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಕಳಿ. ಹಿತ್ತಾಳೆಗೆ, ಕಂಚಿಗೆ ಅದು ಅಂಟ್ತಿಲ್ಲೆ, ಅಂಟಿದ್ರೆ ಒಳಗೆ ಕಬ್ಬಿಣ. ಕಂಚು ತಾಮ್ರ ತವರ ಸೇರಿದ್ದು, ಬೆರಳಲ್ಲಿ ತಟ್ಟಿದ್ರೆ ನಾದ ಬಹಳ ಹೊತ್ತು ನಿಲ್ತು. ಹಿತ್ತಾಳೆ ತಾಮ್ರ ಸತು ಸೇರಿದ್ದು, ನಾದ ಬೇಗ ಸಾಯ್ತು. ಅಡಿಗೆಗೆ ಬಳಸದಾದ್ರೆ ತಾಮ್ರ, ಹಿತ್ತಾಳೆಗೆ ಕಲಾಯಿ ಬೇಕೇ ಬೇಕು, ಅದೂ ಶುದ್ಧ ತವರದ್ದು. ಸೀಸ ಬೆರೆಸಿದ್ದು ವಿಷ.

ಕೆಲವು ಸಾಮಾನು ಕೈಯಿಂದ ಮುಟ್ಟಲೇ ಆಗ. ಹಳೇ ಮನೆ ಗೋಡೆಲಿ ಇರ್ತಿದ್ದ ಜಿಂಕೆ ಕೊಂಬು, ಆನೆ ದಂತದ್ದು ಎಂತ ಇದ್ರೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮಾರಲೂ ಆಗ, ತಗಂಬಲೂ ಆಗ. ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾವಸ್ತು ಕಾಯ್ದೆಯ ಕೆಳಗೆ ಬತ್ತು. ಜಾತ್ರೆಲಿ ಯಾರೋ ಗುಟ್ಟಾಗಿ ದೇವರ ಮೂರ್ತಿ ತೋರ್ಸಿದ್ರೆ ಅದು ಯಾವುದೋ ಗುಡಿಯದ್ದು ಹೇಳಿ ತಿಳ್ಕಂಡು ದೂರ ಬನ್ನಿ. ಮನೇಲಿ ತಾಡೋಲೆ ಕಟ್ಟು ಸಿಕ್ಕಿದ್ರೆ ಒಲೆಗೂ ಬ್ಯಾಡ, 'ಆಂಟಿಕ್' ಅಂಗಡಿಗೂ ಬ್ಯಾಡ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯ ಸಾಗರದ ಹತ್ರವೇ ಇದ್ದು, ಅಂಥ ಓಲೆಗ ಅಲ್ಲಿ ಉಳ್ಕಂಡಿದ್ದು. ತೀರ್ಥಹಳ್ಳಿ ಕಡೆಯವು ಕುಪ್ಪಳಿಯ ಕವಿಮನೆಲಿ ಅಡಿಗೆ ಮನೆ ಸಾಮಾನು ನೋಡ್ಕಂಡು ಬಂದ್ರೆ, ಯಾವ ವಸ್ತು ಎಲ್ಲಿ ಇರ್ತಿತ್ತು, ಎಂತಕ್ಕೆ ಇರ್ತಿತ್ತು ಹೇಳದು ಕಣ್ಣಿಗೆ ಕಟ್ತು.

ಕೊನೆಗೆ, ಸಂತೆಗೆ ಹೋಪ ಮೊದ್ಲು ಮನೆ ಅಟ್ಟ ಹತ್ತಿ. ಎರಡು ಕೊಳಗ ಸಿಕ್ಕಿದ್ರೆ ಎರಡಕ್ಕೂ ಅಕ್ಕಿ ತುಂಬಿ ತೂಗಿ ನೋಡಿ. ಒಂದೇ ಬಂದ್ರೆ ಸಂತೋಷ, ಬೇರೆ ಬಂದ್ರೆ ಅದನ್ನೂ ಮಕ್ಕಳಿಗೆ ಹೇಳಿ. ಪಾತ್ರೆ ಮೇಲಿನ ಒಂದೊಂದು ಹೆಸರನ್ನೂ ಅರಿಶಿನ ಪುಡಿ ಉಜ್ಜಿದ್ರೆ ಓದಲೆ ಬತ್ತು. ಫೋಟೋ ತೆಗೆದು, ಆ ಹೆಸರಿನವಳು ಯಾರು, ಯಾವ ಊರಿಂದ ಬಂದವಳು, ಯಾವ ಮದ್ವೆಲಿ ಕೊಟ್ಟಿದ್ದು ಹೇಳಿ ಮನೇಲಿ ಇಪ್ಪ ಹಿರೇ ಹೆಂಗಸ್ರ ಹತ್ರ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೂ ಪಾತ್ರೆ ಕೊಡವು ಅನ್ಸಿದ್ರೆ ಕೊಡ್ಲಕ್ಕು, ಜಾಗ ಇಲ್ಲದ್ದು ಎಲ್ಲರ ಮನೆ ಕಷ್ಟ. ಆದ್ರೆ ಮೊದ್ಲು ಆ ಹೆಸರಿನವಳ ಮಗಳನ್ನೋ ಮೊಮ್ಮಗಳನ್ನೋ ಒಂದು ಮಾತು ಕೇಳಿ. ಸಂತೇಲಿ ದುಡ್ಡು ಕೊಟ್ಟು ಬೇರೆಯವರ ಅಜ್ಜಿಯ ಚೊಂಬು ತಪ್ಪ ಆ ಕೂಸಿಗೆ, ತನ್ನ ಅಜ್ಜಿಯ ಚೊಂಬು ಪುಕ್ಕಟೆ ಸಿಗವು.